ಎದೆಗೆ ಕಟ್ಟಿದ ಎಲೆ

ಜನವರಿ 9, ಸಂತೆಕಲ್ಲೂರು

ಇವತ್ತೂ ಯಮನೂರಪ್ಪನ ದವಾಖಾನೆ ಮುಂದೆ ನಿಂತು ಕರಪತ್ರ ಹಂಚಿದೆ. ಸಿಂಧನೂರಿನ ಆರೋಗ್ಯ ಶಿಬಿರದ್ದು, ಮಸ್ಕಿಯಲ್ಲಿ ಜೆರಾಕ್ಸ್ ಮಾಡಿಸಿದ್ದು. ‘ನೆಗಡಿ ವೈರಸ್ಸಿನಿಂದ. ಅದಕ್ಕೆ ಆಂಟಿಬಯಾಟಿಕ್ ಬೇಡ.’ ಯಮನೂರಪ್ಪ ಡಿಗ್ರಿ ಇಲ್ಲದ ಮನುಷ್ಯ. ಕೆಮ್ಮಿದವರಿಗೆಲ್ಲ ಒಂದೇ ಸೂಜಿ. ಹೊರಗೆ ಬಂದು ನಕ್ಕ.

“ದುರ್ಗಾದೇವಿ, ನಿಮ್ಮಣ್ಣನ ಕೂಸು ಕೆಮ್ಮಾಕತ್ತೈತಂತಲ್ಲ? ಅದಕ್ಕೂ ಕಾಗದ ಅರದು ಕುಡಿಸ್ತೀಯೇನು?”

ಜೋರಾಗೇ ಉತ್ತರ ಕೊಟ್ಟೆ. ಪವನನಿಗೆ ಬರೀ ನೆಗಡಿ. ಹಾಲು ಕುಡಿಯುತ್ತಾನೆ, ನಗುತ್ತಾನೆ. ಏಳು ತಿಂಗಳ ಕೂಸಿಗೆ ಸೂಜಿ ಯಾಕೆ?

ಜನವರಿ 10

ಅವ್ವ ಕೆಂಡಕ್ಕೆ ಲೋಬಾನ ಹಾಕಿ ಕೂಸನ್ನು ಹೊಗೆಯ ಮೇಲೆ ಹಿಡಿದಿದ್ದಳು. ಕೆಂಡ ಎತ್ತಿ ಅಂಗಳಕ್ಕೆ ಸುರಿದೆ.

“ಬಂದಳು ನೋಡು ಕಾಗದದ ಡಾಕ್ಟರಮ್ಮ! ನಿನ್ನೂ ಇದೇ ಹೊಗಿಯಾಗ ಸಾಕೀನಿ ಬೇ.”

ಸೂಗಮ್ಮ ವೈನಿ, ಕೂಸಿನ ತಾಯಿ, ಇಬ್ಬರ ನಡುವೆ ನಿಂತು ಅತ್ತಳು. ಅಣ್ಣ ವೀರೇಶ ಹಟ್ಟಿ ಚಿನ್ನದ ಗಣಿಯಲ್ಲಿ ಶಿಫ್ಟಿನಲ್ಲಿದ್ದಾನೆ, ಫೋನ್ ಹತ್ತಲಿಲ್ಲ. ಕೊನೆಗೆ ರಾಜಿ. ಹೊಗೆ ಇಲ್ಲ, ಸೂಜಿ ಇಲ್ಲ. ಔಡಲೆಣ್ಣೆ ಸವರಿ ಬೆಚ್ಚಗೆ ಮಾಡಿದ ವೀಳ್ಯದೆಲೆ ಎದೆಗಿಟ್ಟು, ಅವ್ವನ ಹಳೇ ಸೀರೆಯ ಪಟ್ಟಿ ಸುತ್ತಬಹುದು. ಕೆಮ್ಮು ಇಳಿಯುವ ತನಕ ಬಿಚ್ಚಬಾರದಂತೆ. ಎಲೆಯಿಂದ ಏನು ಕೆಡುಕು? ನಾನೇ ಒಪ್ಪಿದೆ.

ಜನವರಿ 11

ವೈನಿ ಬೆಳಿಗ್ಗೆಯಿಂದ ನನ್ನ ಹಿಂದೆಯೇ ಇದ್ದಾಳೆ.

“ಮೈ ಸುಡಾಕತ್ತೈತಿ ದುರ್ಗಿ. ಹಾಲು ಸರಿಯಾಗಿ ಎಳೀವಲ್ಲ. ಯಮನೂರಪ್ಪಗರೆ ತೋರಿಸೋಣೇನು?”

“ಮೂಗು ಕಟ್ಟೈತಿ ವೈನಿ. ಅದಕ್ಕ.”

ಜ್ವರದ ಸಿರಪ್ ಕೊಟ್ಟೆವು. ಕರಪತ್ರ ತೆಗೆದು ನ್ಯುಮೋನಿಯಾ ಗುರುತು ಓದಿ ಹೇಳಿದೆ — ಉಸಿರು ಎಳೆದಾಗ ಪಕ್ಕೆ ಒಳಗೆ ಸೇದಿಕೊಳ್ಳುತ್ತದೆ. ಕೂಸಿನ ಹತ್ತಿರ ಕೂತು ನೋಡಿದೆ. ಅಂಥದ್ದೇನೂ ಕಾಣಲಿಲ್ಲ.

“ಚೆಂದಂಗ ನೋಡಿದೇನು?”

“ನೋಡೀನಿ.”

ಆದರೂ... ಉಸಿರಿನ ಜೊತೆ ಸಣ್ಣ ನರಳಿಕೆ ಇದೆ. ಮೂಗು ಕಟ್ಟಿದ್ದಕ್ಕೇ ಇರಬೇಕು. ಇರಬೇಕು.

ಜನವರಿ 13, ಲಿಂಗಸುಗೂರು, ಆಸ್ಪತ್ರೆ

ನಿನ್ನೆ ಪೆನ್ನು ಹಿಡಿಯಲು ಆಗಲಿಲ್ಲ.

ನಿನ್ನೆ ಬೆಳಿಗ್ಗೆ ಕೂಸು ಹಾಲಿಗೆ ಬಾಯಿ ತೆರೆಯಲೇ ಇಲ್ಲ. ತುಟಿ ನೇರಳೆ. ವೈನಿ ಚೀರಿ ಸೀರೆ ಪಟ್ಟಿ ಹರಿದು ತೆಗೆದಳು. ಎಲೆ ಒಣಗಿ ಎದೆಗೆ ಅಂಟಿತ್ತು. ಅದನ್ನು ಕಿತ್ತಾಗ ಕಂಡಿತು... ಪ್ರತಿ ಉಸಿರಿಗೂ ಪಕ್ಕೆ ಗುಳಿ ಬಿದ್ದು ಒಳಗೆ ಹೋಗುತ್ತಿತ್ತು. ಆ ಸಾಲನ್ನು ಎಷ್ಟು ತಾಯಂದಿರಿಗೆ ಓದಿ ಹೇಳಿದ್ದೇನೆ! ಮೊನ್ನೆ ನಾನು ನೋಡಿದ್ದು ಏನು? ಮುಖ. ಸೀರೆ ಪಟ್ಟಿ.

ಪಕ್ಕದ ಮನೆಯ ಬಾಬುಸಾಬ್ ಆಟೋ ತಂದರು. ಯಮನೂರಪ್ಪ ಓಡಿ ಬಂದು ಒಳಗೆ ಇಣುಕಿದ. “ಇದು ನನ್ನ ಕೈಲಿ ಆಗೂದಲ್ಲ. ಲಗೂ ಹೋಗ್ರಿ.” ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಇಲ್ಲಿ ಕೂಸಿನ ಕಾಲಿಗೆ ಕ್ಲಿಪ್ ಹಾಕಿ ಆಕ್ಸಿಜನ್ ಎಷ್ಟಿದೆ ನೋಡಿದರು. ಸ್ಟೆತಸ್ಕೋಪ್. ಎಕ್ಸ್‌ರೇ. ಬಲಗಡೆ ಶ್ವಾಸಕೋಶ ಬೆಳ್ಳಗೆ. ನ್ಯುಮೋನಿಯಾ. ಮೂಗಿಗೆ ನಳಿಕೆ, ಕೈಗೆ ಸೂಜಿ, ಅದರಲ್ಲಿ ಆಂಟಿಬಯಾಟಿಕ್.

“ನೆಗಡಿಗೆ ಬೇಡ ಅಂದದ್ದು ಖರೇನ,” ಅಂದರು ಆಸ್ಪತ್ರೆಯ ಡಾಕ್ಟರಮ್ಮ, ನನ್ನ ಕೈಯಲ್ಲಿದ್ದ ಕರಪತ್ರ ನೋಡಿ. “ಆದ್ರ ಇದು ಎದಿಗೆ ಇಳದೈತಿ. ಎದಿ ಬಿಚ್ಚಿ ಯಾರೂ ನೋಡಲಿಲ್ಲೇನು?”

“ನಾನ ಕಟ್ಟಿದ್ದೆ ರೀ,” ಅಂದಳು ಅವ್ವ. ಮುದುಡಿದ ಎಲೆ ಇನ್ನೂ ಅವಳ ಮುಷ್ಟಿಯಲ್ಲಿತ್ತು.

ನಾನು ಕರಪತ್ರ ಮಡಚಿ ಚೀಲಕ್ಕೆ ತುರುಕಿದೆ.

ಜನವರಿ 14

ಸಂಜೆ ತನಕ ನೋಡುತ್ತಾರಂತೆ. ಕಾಯಿಲೆ ಇಳಿಯದಿದ್ದರೆ ರಾಯಚೂರಿನ ದೊಡ್ಡಾಸ್ಪತ್ರೆಗೆ. ದಾರಿಯಲ್ಲಿ ಏನಾದರೂ... ಬರೆಯಲ್ಲ.

ಅಣ್ಣ ಬಂದಿದ್ದಾನೆ. ಕೂಸಿನ ಕಾಲು ಹಿಡಿದು ಕೂತಿದ್ದಾನೆ. ವೈನಿ ಒಂದು ಸಲ ಅಂದಳು: “ನೀ ನೋಡೀನಿ ಅಂದಿ. ನಾ ನಂಬಿದೆ.”

ಪವನನ ಎದೆ ಮೇಲೆ ಈಗ ಬಟ್ಟೆ ಇಲ್ಲ. ಎಲೆಯ ಕಲೆ ಒರೆಸಿದರೂ ಹೋಗಿಲ್ಲ. ಗುಳಿ ಸ್ವಲ್ಪ ಕಡಿಮೆ ಆದ ಹಾಗಿದೆ. ನಿಜವಾಗಿ ಆಗಿದೆಯೋ, ಆಗಲಿ ಅಂತ ಹಾಗೆ ಕಾಣುತ್ತಿದೆಯೋ. ನನ್ನ ಕಣ್ಣನ್ನೇ ನಂಬಲು ಹೆದರಿಕೆ. ಅವ್ವನಿಗೆ ಹೇಳಬೇಕು, ಡಾಕ್ಟರಿಗೆ ಹೇಳಬೇಕು — ಒಪ್ಪಿದವಳು ನಾನು ಅಂತ. ಕೂಸು ಒಮ್ಮೆ ಕಣ್ಣು ಬಿಡಲಿ, ಹೇಳುತ್ತೇನೆ.

ವೈನಿ ಕರೆಯುತ್ತಿದ್ದಾಳೆ. “ದುರ್ಗಿ, ಬಾ ಇಲ್ಲಿ! ಬಾಯಿ ತೆರಿಯಾಕತ್ತಾನ ನೋಡು!”

ಹಾಲಿಗೋ, ಉಸಿರಿಗೋ—