ಮತ್ತೆ ಎದ್ದ ಅಜ್ಜಿ

ಮಂಗಳವಾರ, ಮಧ್ಯಾಹ್ನ

ನನ್ನ ಸಂಶಯಪಿಶಾಚಿಗೆ,

ಮೊದಲು ಕುರ್ಚಿ ಎಳೆದುಕೊಂಡು ಕೂತುಕೋ. ನಾನು ಗೆದ್ದೆ!

ನೀನು ಮುನಿಸಿಕೊಂಡು ಬೇರೆ ಊರಿನ ರೇಡಿಯೊ ದೂರದರ್ಶಕ ಕೇಂದ್ರದ ಕೆಲಸಕ್ಕೆ ಹೊರಟ ದಿನ ಬಾಗಿಲಲ್ಲಿ ನಿಂತು ಏನಂದೆ, ನೆನಪಿದೆಯಾ? ನಮ್ಮ ದೂರದರ್ಶಕದಲ್ಲಿ ಅಜ್ಜಿಯ ಆಚೀಚೆ ಕಾಣುವ ಮಸುಕು ನಮ್ಮ ಕ್ಯಾಂಟೀನಿನ ಮೈಕ್ರೋವೇವ್ ಓವನ್ ಎಬ್ಬಿಸಿದ ರೇಡಿಯೊ ಗದ್ದಲ, ಅದನ್ನು ನಂಬಿ ಮರ್ಯಾದೆ ಕಳೆದುಕೊಳ್ಳಬೇಡ ಅಂದೆ. ಹೆಂಡತಿಯನ್ನು ಬಿಟ್ಟು ಓವನ್ನನ್ನು ನಂಬಿದ ಗಂಡ ಲೋಕದಲ್ಲಿ ನೀನೊಬ್ಬನೇ ಇರಬೇಕು.

ಆ ಗ್ಯಾಲಕ್ಸಿಗೆ ಅಜ್ಜಿ ಅಂತ ಹೆಸರಿಟ್ಟವನೂ ನೀನೇ. ಮೊಟ್ಟೆಯಾಕಾರದ ಮುದಿ ಗ್ಯಾಲಕ್ಸಿ, ಹೊಸ ನಕ್ಷತ್ರ ಹುಟ್ಟಿಸುವ ಗೊಡವೆಯಿಲ್ಲ, ನಡುವೆ ಕೋಟಿಗಟ್ಟಲೆ ಸೂರ್ಯರ ತೂಕದ ಕಪ್ಪುಕುಳಿ. ಬಾಯಿಗೆ ಬಂದದ್ದರಲ್ಲಿ ಒಂದಿಷ್ಟನ್ನು ನುಂಗದೆ ಎರಡೂ ಕಡೆ ಉಗಿಯುತ್ತದೆ. ರೇಡಿಯೊ ಚಿತ್ರದಲ್ಲಿ ಹೊಳೆಯುವುದು ಅದೇ. ಅದರಾಚೆಯ ಮಸುಕು ಹಳೆಯ ಸಿಟ್ಟಿನ ಗುರುತು, ಅಜ್ಜಿ ಒಮ್ಮೆ ಉಗಿದು, ಸುಮ್ಮನಾಗಿ, ಈಗ ಮತ್ತೆ ಎದ್ದಿದ್ದಾಳೆ ಅಂತ ನಾನು. ಅಲ್ಲ ಅಂತ ನೀನು. ಮಸುಕು ಸುಳ್ಳಾಗಿದ್ದರೆ ನನ್ನ ಸಂಶೋಧನೆಗೇ ಬಾಗಿಲು ಹಾಕಿದಂತೆ.

ಅದಕ್ಕೇ ಓವನ್ನಿನ ಪ್ಲಗ್ ಕಿತ್ತು, ಓವನ್ನನ್ನೇ ನನ್ನ ಬೀರುವಿನಲ್ಲಿಟ್ಟು ಬೀಗ ಜಡಿದೆ. ವಾರವಿಡೀ ಆಫೀಸಿಗೆ ಆಫೀಸೇ ತಣ್ಣಗಿನ ಊಟ ಮಾಡಿ ನನಗೆ ಹಿಡಿಶಾಪ ಹಾಕಿತು. ಮುಖ್ಯಸ್ಥರಂತೂ ಡಬ್ಬಿ ಹಿಡಿದು ನನ್ನ ಬಾಗಿಲಿಗೆ ಬಂದು ನಿಟ್ಟುಸಿರು ಬಿಡುತ್ತಿದ್ದರು. ಮಸುಕು ಜಪ್ಪಯ್ಯ ಅಂದರೂ ಹೋಗಲಿಲ್ಲ. ಆದರೂ ಮುಖ್ಯಸ್ಥರು ಇನ್ನೊಂದು ದೂರದರ್ಶಕದಲ್ಲಿ ಕಂಡರೆ ಮಾತ್ರ ಒಪ್ಪುತ್ತೇನೆ ಅಂದರು. ನಿಮ್ಮಲ್ಲಿಗೆ ಬರೆದೆ, ಈ ವರ್ಷ ಹೊರಗಿನವರಿಗೆ ದೂರದರ್ಶಕದ ಸಮಯ ಕೊಡಲಾಗದು ಅಂತ ಉತ್ತರ ಬಂತು. ಇನ್ನು ಮುಗಿಯಿತು ಅಂದುಕೊಂಡೆ.

ನಿನ್ನೆ ಇದ್ದಕ್ಕಿದ್ದಂತೆ ನಿಮ್ಮಲ್ಲಿಂದ ದತ್ತಾಂಶ ಬಂತು, ಕಳಿಸಿದವರ ಹೆಸರಿಲ್ಲ. ಚಿತ್ರ ಮಾಡಿ ನೋಡಿದರೆ ಅದೇ ಮಸುಕು, ಅದೇ ಜಾಗ, ಅಜ್ಜಿಯ ಎರಡೂ ಕಡೆ! ಬೆಳಿಗ್ಗೆ ಸಭೆಯಲ್ಲಿ ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಮುಖ್ಯಸ್ಥರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಕೊನೆಗೆ ಎದ್ದು ಚಪ್ಪಾಳೆ ತಟ್ಟಿದರು. ನಾನು ಎಲ್ಲರೆದುರೇ ಅತ್ತುಬಿಟ್ಟೆ. ಓವನ್ನಿಗೂ ಬಿಡುಗಡೆಯಾಯಿತು.

ಇಂತಿ, ನಿನ್ನ ಸಹಾಯವಿಲ್ಲದೆಯೇ ಗೆದ್ದ
ಹಠಮಾರಿ

ತಾ.ಕ.: ಸಹಾಯವಿಲ್ಲದೆ ಅಂದದ್ದು ಸುಳ್ಳು. ಗ್ಯಾಲಕ್ಸಿಯತ್ತ ತಿರುಗುವ ಮೊದಲು, ಉಪಕರಣ ಸರಿಯಿದೆಯೇ ಅಂತ ತಿಳಿಯಲು, ಮೊದಲೇ ಚೆನ್ನಾಗಿ ಗೊತ್ತಿರುವ ಒಂದು ಆಕಾಶಕಾಯವನ್ನು ಎಲ್ಲರೂ ಒಮ್ಮೆ ನೋಡುತ್ತಾರೆ. ನಿನ್ನೆ ಬಂದದ್ದರಲ್ಲಿ ಅದನ್ನು ನೋಡಿ, ಮರುಗಳಿಗೆಯೇ ಮತ್ತೆ ನೋಡಲಾಗಿದೆ. ನೀನು ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೂ ವಾಪಸ್ ಹತ್ತಿ ಜಗ್ಗಿ ನೋಡುತ್ತಿದ್ದೆಯಲ್ಲ, ಹಾಗೆ. ದೂರದರ್ಶಕದಲ್ಲಿ ನಿನಗೆ ಸಿಕ್ಕ ಸರದಿಯನ್ನೇ ಅಜ್ಜಿಗೆ ಕೊಟ್ಟುಬಿಟ್ಟೆ, ಅಲ್ವಾ? ಭಾನುವಾರ ಬಾ. ಬಾಗಿಲಿಗೆ ಬೀಗ ಹಾಕಿರುವುದಿಲ್ಲ.