ಮಣಿಕಟ್ಟಿನ ದಾರ

ದುರಗವ್ವಕ್ಕಾ,

ಇವತ್ತು ನಮ್ಮ ಇಳಕಲ್ಲಿನ ನೇಕಾರಿಕೆ ಶೆಡ್ಡಿನಲ್ಲಿ ಏನಾಯಿತು ಗೊತ್ತೇ! ಹುಟ್ಟಿನಿಂದ ಕಿವಿ ಕೇಳದ ಭಾಗ್ಯಜ್ಯೋತಿ ತನ್ನ ಮೊದಲ ಸೀರೆ ಮುಗಿಸಿದಳು! ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಲು ಇಬ್ಬರು ಬೇಕಲ್ಲ; ಆಚೆಯವಳು ಕೂಗಿದರೆ ಇವಳಿಗೆ ಕೇಳದು. ನಾನೇ ಅವಳ ಮಣಿಕಟ್ಟಿಗೊಂದು ದಾರ ಕಟ್ಟಿದೆ. ಮಗ್ಗದ ಆಚೆಯಿಂದ ಜೊತೆಗಾತಿ ರೋಹಿಣಿ ಜಗ್ಗಿದಾಗಲೆಲ್ಲ ಇವಳು ಎಳೆ ಕೊಟ್ಟಳು. ಒಂದೂ ತಪ್ಪಲಿಲ್ಲ!

"ಭಾರಿ ಐತ್ರಿ ಮೇಡಂ! ಯಾರಿಗೆ ಹೊಳೀತ್ರಿ ಇದು?" ಎಂದಳು ರೋಹಿಣಿ.

ನಿನ್ನ ಕಿವಿ ಮಂದವಾದ ವರ್ಷ ನೀನೇ ಹೇಳಿದ್ದೆ: "ಒದರಬ್ಯಾಡವಾ, ಒಂದು ದಾರ ಕಟ್ಟಿ ಜಗ್ಗು, ನನಗ ತಿಳೀತೈತಿ." ನಾನು ನಕ್ಕು, ನಿನ್ನನ್ನು ಮಗ್ಗದಿಂದ ಎಬ್ಬಿಸಿ ನೂಲು ಸುತ್ತಲು ಕೂರಿಸಿದೆ.

ಇವತ್ತು ಎಲ್ಲರೆದುರು ನಿನ್ನ ಹೆಸರು ಹೇಳಿದೆ.

"ಅವರನ್ನ ಕರಸ್ರಿ ಮೇಡಂ, ಮಗ್ಗಕ್ಕ ಕೂಡಸೂಣು" ಎಂದಳು ರೋಹಿಣಿ.

ನೀನು ತೀರಿಕೊಂಡು ಮೂರು ವರ್ಷವಾಯಿತೆಂದು ಅವಳಿಗೆ ಹೇಳುವ ಬದಲು ನಿನಗೇ ಈ ಪತ್ರ ಬರೆಯುತ್ತಿದ್ದೇನೆ.