ಬೀಗರ ಮನೆಗೆ ಒಯ್ದ ಸೇವಂತಿಗೆ

ಪೆಂಡಲ್ ಹಿಲ್, ಸಿಡ್ನಿ
ನವೆಂಬರ್ ೧೪, ಶುಕ್ರವಾರ

ನನ್ನ ಮುದ್ದು ಶ್ವೇತಾಗೆ,

ಅವ್ವನ ಆಶೀರ್ವಾದ. ನಾವೆಲ್ಲ ಆರಾಮ ಇದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ, ಇಲ್ಲ ಎಂದು ಬರೆದರೆ ನೀನು ಹೆದರುತ್ತೀ. ಅದಕ್ಕೆ ಆ ಸಾಲನ್ನು ಬಿಟ್ಟೇ ಮುಂದೆ ಹೋಗುತ್ತೇನೆ. ಫೋನಿನಲ್ಲಿ ನನಗೆ ಹೇಳಲಿಕ್ಕೆ ಆಗುವುದಿಲ್ಲ. ನೀನು ಎತ್ತುವುದಿಲ್ಲ, ಎತ್ತಿದರೂ ನಾನು ಅಳಲಿಕ್ಕೆ ಹತ್ತುತ್ತೇನೆ, ಮೇಲೆ ನಿಮ್ಮಪ್ಪಾರು ಪಕ್ಕದ ಕೋಣೆಯಲ್ಲೇ ಕುಂತಿರುತ್ತಾರೆ. ಬರೆಯುವುದೂ ನನಗೆ ಸಲೀಸಲ್ಲ. ಆರನೆಯ ಇಯತ್ತೆಯಲ್ಲಿ ಶಾಲೆ ಬಿಡಿಸಿದರು, ಮತ್ತೆ ಹಾಕಿದರು, ಮತ್ತೆ ಬಿಡಿಸಿದರು. ಅಷ್ಟರಲ್ಲಿ ನನ್ನ ಜೊತೆಯವರೆಲ್ಲ ಹೈಸ್ಕೂಲಿಗೆ ಹೋಗಿಬಿಟ್ಟಿದ್ದರು. ತಪ್ಪಿದ್ದರೆ ತಿದ್ದಿಕೊಂಡು ಓದು. ಆದರೆ ಕಡೆಯ ತನಕ ಓದು, ನನ್ನಾಣೆ.

ನೀನು ಅಭಿನವನಿಗೆ ಕಳಿಸಿದ ಮೆಸೇಜನ್ನು ಅವನು ನನಗೆ ಓದಿ ಹೇಳಿದ. ಅಪ್ಪ ಬೇಕೆಂದೇ ಸತ್ತವರ ಹೂವನ್ನು ಲೂಕಾನ ಅಜ್ಜಿಯ ಬಾಗಿಲಿಗೆ ಒಯ್ದು ಕೊಟ್ಟಿದ್ದಾರೆ, ಇಷ್ಟು ದ್ವೇಷ ಇರುವವರು ಫೆಬ್ರವರಿಯಲ್ಲಿ ನಮ್ಮಿಬ್ಬರ ಮದುವೆಗೆ ಬರುವುದೇ ಬೇಡ ಎಂದು ಬರೆದಿದ್ದೀಯಂತೆ. ಅಭಿನವ ಅದನ್ನು ಅಪ್ಪಾರಿಗೆ ಇನ್ನೂ ತೋರಿಸಿಲ್ಲ. ಮ್ಯಾಕ್ವೆರಿ ಪಾರ್ಕಿನ ಆಫೀಸಿನಿಂದ ಬಂದವನು ಬೂಟು ಕೂಡ ಬಿಚ್ಚದೆ ಅಡುಗೆಮನೆಗೆ ಬಂದು, ‘ಅವ್ವಾ, ನೀವಿಬ್ರೂ ಅಲ್ಲಿ ಹೋಗಿ ಏನ್ ಮಾಡಿ ಬಂದೀರಿ?’ ಅಂದ. ಹಂಚಿನ ಮೇಲಿದ್ದ ರೊಟ್ಟಿ ಕರಿಯಾಯಿತು. ಮಾಡಿದವಳು ನಾನು, ಶ್ವೇತಾ. ಅಪ್ಪಾರು ಹೊತ್ತದ್ದು ಮಾತ್ರ.

ಅಭಿನವ ನಮ್ಮಿಬ್ಬರನ್ನು ಸ್ವಿಟ್ಜರ್‌ಲ್ಯಾಂಡ್ ಟೂರಿಗೆ ಕಳಿಸಿದ್ದು ನಿನಗೆ ಗೊತ್ತೇ ಇದೆ. ಬಸ್ಸು, ಹಿಮ, ಮತ್ತೆ ಬಸ್ಸು, ಎಲ್ಲಿ ಹೋದರೂ ಅನ್ನ ಸಾರು ಹುಡುಕುವುದು. ಲುಗಾನೊ ಎಂಬ ಊರಿಗೆ ಬಂದಾಗ ಗೈಡು, ಇವತ್ತು ನಿಮ್ಮ ಇಷ್ಟ, ಸಂಜೆಗೆ ಹೊಟೇಲಿಗೆ ಬಂದರಾಯಿತು ಅಂದ. ಆ ಸೀಮೆಯವರ ಮಾತೆಲ್ಲ ಇಟಾಲಿಯನ್. ಟೂರಿನವರು ಆ ಊರಿನ ಹೆಸರು ಹೇಳಿದಾಗಿನಿಂದಲೇ ನಾನು ದಿನ ಎಣಿಸುತ್ತಿದ್ದೆ. ಲೂಕಾನ ಅಜ್ಜಿಯ ಊರು ಮೊರ್ಕೋಟೆ ಅಲ್ಲಿಯ ಸರೋವರದ ದಂಡೆಯಲ್ಲೇ ಇದೆ ಎಂದು ನೀನೇ ಹೇಳಿದ್ದೆ, ನಾವು ಮಾತಾಡುತ್ತಿದ್ದ ಕಾಲದಲ್ಲಿ. ಚರ್ಚಿಗೆ ಹತ್ತುವ ಮೆಟ್ಟಿಲ ಬುಡದಲ್ಲಿ, ಅಂಜೂರದ ಗಿಡದ ಪಕ್ಕ, ಹಳದಿ ಮನೆ. ಫೋಟೋ ಕೂಡ ತೋರಿಸಿದ್ದೆ.

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಮನೆತನ ನೋಡಲು ಹೋಗುತ್ತಾರೆ. ಹಿತ್ತಲು, ನೀರು, ಅಡುಗೆಮನೆ, ಮನೆಯ ಹಿರಿಯಳ ಮಾತು, ಇಷ್ಟು ನೋಡಿದರೆ ಸಾಕು, ಹುಡುಗನನ್ನು ಆಮೇಲೆ ನೋಡಿದರೂ ನಡೆಯುತ್ತದೆ. ನಿನ್ನ ಮದುವೆಯ ಸುದ್ದಿ ತೆಗೆದರೆ ನಿಮ್ಮಪ್ಪಾರು ತಾಟಿನ ಮುಂದಿನಿಂದ ಎದ್ದು ಹೋಗುತ್ತಿದ್ದರು. ‘ಕೊರಳಾಗ ಲಿಂಗ ಇಲ್ಲದವರ ಮನಿಗೆ ನನ್ನ ಮಗಳು ಹೋಗೂದಿಲ್ಲ. ಹೋದರ ನಾ ಬರೂದಿಲ್ಲ’ ಎಂದು ನಿನ್ನ ಮುಂದೆಯೇ ಅಂದವರು. ಕಣ್ಣಿನಿಂದ ಒಂದು ಸಲ ನೋಡಿದರೆ ಮನಸ್ಸು ಸಡಿಲಾದೀತು ಎಂದು ನನ್ನ ಹುಚ್ಚು. ನಿನಗೆ ಹೇಳಿದರೆ ‘ಅವ್ವಾ, ಡ್ರಾಮಾ ಬ್ಯಾಡ’ ಅನ್ನುತ್ತಿದ್ದೆ. ಅವರಿಗೆ ಹೇಳಿದರೆ ಹೊಟೇಲಿನಿಂದ ಏಳುತ್ತಿರಲಿಲ್ಲ. ಅದಕ್ಕೆ ಇಬ್ಬರಿಗೂ ಹೇಳಲಿಲ್ಲ. ಹಳೆಯ ಕಾಲದ ಊರಂತೆ, ಬೋಟಿನಲ್ಲಿ ಹೋಗಿ ನೋಡಿ ಬರೋಣ ರೀ ಅಂದೆ. ‘ಕ್ವಾಟಿ ಐತೇನು ಅಲ್ಲಿ?’ ಎಂದು ಕೇಳಿದರು. ಹೆಸರಿನಲ್ಲೇ ಕೋಟೆ ಇದೆಯಲ್ಲ, ಇರಬೇಕು ಅಂದೆ.

ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಬೋಟು ಹತ್ತುವ ಕಡೆ ಅಂಗಡಿಗಳ ಮುಂದೆಲ್ಲ ಕುಂಡ ಕುಂಡವಾಗಿ ಸೇವಂತಿಗೆ ಇಟ್ಟಿದ್ದರು. ಹಳದಿ, ಬಿಳಿ, ಕೆಂಪು. ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ರಾಶಿ ಬೀಳುತ್ತದಲ್ಲ, ಹಾಗೆ. ಬಂದವರೆಲ್ಲ ಅದನ್ನೇ ಒಯ್ಯುತ್ತಿದ್ದರು. ಇವರದೂ ಏನೋ ದೊಡ್ಡ ಹಬ್ಬ ಬಂದಿದೆ ಅಂದುಕೊಂಡೆ. ಇಲ್ಲಿ ಮದರ್ಸ್ ಡೇ ದಿನ ನೀನೇ ನನಗೆ ಬಿಳಿ ಸೇವಂತಿಗೆ ತಂದು ಕೊಡುತ್ತಿದ್ದೆಯಲ್ಲ, ನನಗೆ ಬೇರೆ ಯೋಚನೆ ಎಲ್ಲಿಂದ ಬರಬೇಕು? ಎಲ್ಲಕ್ಕಿಂತ ದೊಡ್ಡ ಬಿಳಿ ಕುಂಡ ಆರಿಸಿದೆ. ಹೂವಿನವಳು ನನ್ನ ಕೈ ಹಿಡಿದು, ತಲೆ ಬಾಗಿಸಿ, ಮೆಲ್ಲಗೆ ಏನೋ ಅಂದಳು. ಬೋಟಿನಲ್ಲಿ ಒಬ್ಬ ಮುದುಕ ಟೋಪಿ ತೆಗೆದು ಎದ್ದು ನಿಂತು ನಮಗೆ ಜಾಗ ಬಿಟ್ಟುಕೊಟ್ಟ. ಎಂಥ ಮರ್ಯಾದಸ್ಥ ಜನ ನೋಡ್ರಿ ಎಂದು ನಾನೇ ಅಪ್ಪಾರಿಗೆ ಹೇಳಿದೆ. ಅವರು ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಏ ಇಕಿನ, ಇದನ್ನ ಗುಡಿಗೆ ಏರಸ್ತೀಯೋ, ಇಲ್ಲಾ ನನ್ನ ಬೋಳ ತಲಿಗೆ ಮುಡಸ್ತೀಯೋ?’ ಎಂದು ನಗೆಯಾಡಿದರು. ನೀನು ಮನೆ ಬಿಟ್ಟ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಊರು ಚಂದ ಇತ್ತು. ಅದನ್ನಾದರೂ ಬರೆಯಬೇಕು. ನೀರಿಗೆ ಹತ್ತಿಕೊಂಡೇ ಸಾಲು ಮನೆಗಳು, ಮುಂದೆ ಕಲ್ಲಿನ ಕಮಾನುಗಳು, ಹಿಂದೆ ಗುಡ್ಡ, ಗುಡ್ಡದ ಮೇಲೆ ಚರ್ಚು. ನೂರಾರು ವರ್ಷದ ಗೋಡೆಗಳು. ಅಪ್ಪಾರು ಕಮಾನಿನ ಕಲ್ಲು ಮುಟ್ಟಿ ಮುಟ್ಟಿ ನೋಡುತ್ತಾ, ಸುಣ್ಣದ ಗಾರೆ ಇದು, ಸಿಮೆಂಟ್ ಅಲ್ಲ ಎಂದು ನನಗೆ ಪಾಠ ಹೇಳುತ್ತಿದ್ದರು. ನನಗೆ ನೋಡುವ ಜೀವ ಎಲ್ಲಿತ್ತು? ಹಳದಿ ಮನೆ ಹುಡುಕುತ್ತಿದ್ದೆ. ಸಿಕ್ಕಿತು. ಅಂಜೂರದ ಗಿಡವೂ ಇತ್ತು, ಎಲೆ ಉದುರುತ್ತಿತ್ತು. ಯಾರ ಮನಿ ಇದು ಎಂದು ಅಪ್ಪಾರು ಕೇಳುವಷ್ಟರಲ್ಲಿ ನಾನು ಬಾಗಿಲು ಬಡಿದಿದ್ದೆ.

ತೆಗೆದವಳು ಅಜ್ಜಿಯೇ. ಕೈಗೆಲ್ಲ ಹಿಟ್ಟು. ಮೊದಲು ನನ್ನ ಇಳಕಲ್ ಸೀರೆ ನೋಡಿದಳು, ಆಮೇಲೆ ಅಪ್ಪಾರ ಹಣೆಯ ವಿಭೂತಿ. ಲೂಕಾ ನಮ್ಮ ಫೋಟೋ ಕಳಿಸಿದ್ದನಂತೆ, ಗುರುತು ಹಿಡಿದಳು. ಮುಖ ಅರಳುತ್ತಿತ್ತು, ಅಷ್ಟರಲ್ಲಿ ಕಣ್ಣು ಕುಂಡದ ಮೇಲೆ ಬಿತ್ತು. ಮನುಷ್ಯರ ಮುಖದಿಂದ ರಕ್ತ ಇಳಿದು ಹೋಗುವುದನ್ನು ಅವತ್ತು ಕಂಡೆ. ‘ಲೂಕಾ?’ ಅಂದಳು. ನೀವು ಲೂಕಾನ ಕಡೆಯವರೇ ಎಂದು ಕೇಳುತ್ತಿದ್ದಾಳೆ ಅಂತ ನಾನು ತಿಳಿದೆ. ನಗುತ್ತಾ ತಲೆಯಾಡಿಸಿ, ಹೌದ್ರಿ, ಲೂಕಾ, ಲೂಕಾ ಅಂದೆ.

ಅಜ್ಜಿ ಹೊಸ್ತಿಲ ಮೇಲೆ ಕುಸಿದಳು.

ಆ ನಾಡಿನಲ್ಲಿ ಸೇವಂತಿಗೆ ಸತ್ತವರಿಗೆ ಮಾತ್ರವಂತೆ. ನವೆಂಬರ್ ಬಂತೆಂದರೆ ಎಲ್ಲರೂ ಗೋರಿಗಳಿಗೆ ಒಯ್ಯುತ್ತಾರೆ, ಬದುಕಿದ್ದವರ ಮನೆಗೆ ಯಾರೂ ತರುವುದಿಲ್ಲ. ಇದು ನನಗೆ ತಿಳಿದದ್ದು ಆಮೇಲೆ. ಆಸ್ಟ್ರೇಲಿಯಾದಿಂದ ಹುಡುಗಿಯ ತಂದೆತಾಯಿ ಹೇಳದೆ ಕೇಳದೆ ಆ ಹೂ ಹಿಡಿದು ಬಾಗಿಲಿಗೆ ಬಂದರೆ ಆ ಜೀವ ಏನು ತಿಳಿಯಬೇಕು? ತಾಯಿ ಇಲ್ಲದ ಕೂಸನ್ನು ಸಾಕಿ ದೊಡ್ಡದು ಮಾಡಿದವಳು. ಎದೆ ಬಡಿದುಕೊಂಡು ಅವನ ಹೆಸರು ಕೂಗಿದಳು. ಅದು ಸಾವಿನ ಮನೆಯ ಅಳು ಎಂದು ನನಗೆ ತಿಳಿಯಿತು, ಯಾರು ಸತ್ತರೆಂದು ತಿಳಿಯಲಿಲ್ಲ. ನೀರು, ನೀರು ಅನ್ನುತ್ತಾ ನಿಂತೆ. ಓಣಿಯ ಬಾಗಿಲುಗಳು ತೆರೆದವು, ಮಂದಿ ಕೂಡಿದರು.

ಎದುರು ಮನೆಯ ಹೆಂಗಸಿಗೆ ಇಂಗ್ಲಿಷ್ ಬರುತ್ತಿತ್ತು. ಹುಡುಗ ಹೇಗೆ ಸತ್ತ ಎಂದು ಅಪ್ಪಾರನ್ನು ಕೇಳಿದಳು. ಆಗ ಅವರಿಗೆ ಎಲ್ಲ ಒಮ್ಮೆಲೇ ತಿಳಿಯಿತು, ಇದು ಯಾರ ಮನೆ, ನಾನು ಯಾಕೆ ಕರೆತಂದೆ, ಕೈಯಲ್ಲಿರುವುದು ಏನು. ನನ್ನ ಕಡೆ ಒಂದು ಸಲ ನೋಡಿದರು. ಆ ನೋಟ ನನಗೆ ಸಾಯುವ ತನಕ ಸಾಕು. ಆದರೆ ಬೈಯಲಿಲ್ಲ. ಎದುರು ಮನೆಯವಳು ಲೂಕಾನಿಗೆ ಹಚ್ಚಿದ ಫೋನು ಬಂದ್ ಇತ್ತು. ಅಪ್ಪಾರು ಕುಂಡ ಕೆಳಗಿಟ್ಟು ತಮ್ಮ ಫೋನು ತೆಗೆದರು. ನಿನ್ನ ನಂಬರು ಒತ್ತಿದರು.

ಹೌದವ್ವಾ. ಅವತ್ತು ನಿನಗೆ ಅಪ್ಪಾರ ಫೋನು ಮೇಲಿಂದ ಮೇಲೆ ಬಂದದ್ದು ಅದಕ್ಕೆ. ಬೈಯಲಿಕ್ಕೆ ಅಲ್ಲ. ಲೂಕಾ ನಿನ್ನ ಹತ್ತಿರ ಇದ್ದರೆ ಅವನ ಮುಖವನ್ನು ಆ ಮುದುಕಿಗೆ ತೋರಿಸಲಿಕ್ಕೆ. ನಿಮ್ಮಲ್ಲಿ ಆಗ ಸಂಜೆ ಇರಬೇಕು. ರಿಂಗಾಗುತ್ತಿತ್ತು, ಕಟ್ ಆಗುತ್ತಿತ್ತು, ಮತ್ತೆ ಒತ್ತುತ್ತಿದ್ದರು. ‘ಎತ್ತವಾ, ಎತ್ತ ನನ್ನವ್ವಾ’ ಎಂದು ಫೋನಿಗೇ ಹೇಳುತ್ತಿದ್ದರು. ನೀನು ಎತ್ತಲಿಲ್ಲ. ನಿನ್ನ ತಪ್ಪು ಅನ್ನುವುದಿಲ್ಲ, ಎತ್ತಬಾರದಂಥ ಮಾತು ಆಡಿದವರು ಅವರೇ.

ಕಡೆಗೆ ಅವರು ಅಜ್ಜಿಯ ಮುಂದೆ ಕಲ್ಲಿನ ಮೇಲೆ ಮಂಡಿಯೂರಿದರು, ಆ ಮಂಡಿನೋವಿನವರು. ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನಲ್ಲಿ ಜನ್ಮವೆಲ್ಲ ದುಡಿದ ದನಿ ನಿನಗೆ ಗೊತ್ತಲ್ಲ. ಆ ದನಿಯಲ್ಲಿ, ‘ನೋ ಡೆತ್! ಲೂಕಾ ಗುಡ್! ಮ್ಯಾರೇಜ್! ಮೈ ಡಾಟರ್, ಲೂಕಾ, ಮ್ಯಾರೇಜ್!’ ಎಂದು ಓಣಿಯೆಲ್ಲ ಕೇಳುವ ಹಾಗೆ ಕೂಗಿದರು. ಎದುರು ಮನೆಯವಳು ಅದನ್ನು ಅವರ ಮಾತಿನಲ್ಲಿ ಕೂಗಿದಳು. ಅಜ್ಜಿ ನಂಬಲಿಲ್ಲ. ಅಪ್ಪಾರು ನನ್ನ ಕೊರಳ ತಾಳಿ ಹಿಡಿದು ತೋರಿಸಿ ಮತ್ತೆ ಕೂಗಿದರು. ನಿಮ್ಮಿಬ್ಬರ ಹೆಸರು ತಮ್ಮ ಬಾಯಲ್ಲಿ ಒಟ್ಟಿಗೆ ಬರಬಾರದೆಂದು ಹಟ ಹಿಡಿದವರು, ಗಂಟಲು ಒಡೆಯುವ ತನಕ ಅದನ್ನೇ ಅಂದರು.

ಅಜ್ಜಿ ಎದ್ದಳು. ಹಿಟ್ಟಿನ ಕೈಯಿಂದ ಅಪ್ಪಾರ ಕೆನ್ನೆಗೆ ಒಂದು ಕೊಟ್ಟಳು, ಮೆಲ್ಲಗೇನಲ್ಲ. ಆಮೇಲೆ ಅವರನ್ನೇ ಹಿಡಿದುಕೊಂಡು ಅತ್ತಳು. ನನ್ನನ್ನು ಬಹಳ ಬೈದಳು. ಎದುರು ಮನೆಯವಳು ಅದನ್ನು ಮಾತ್ರ ಇಂಗ್ಲಿಷಿಗೆ ಮಾಡಲಿಲ್ಲ. ಒಳಗೆ ಕರೆದು ಕೂರಿಸಿ, ಗೋವಿನಜೋಳದ ಹಿಟ್ಟಿನ ಸಂಗಟಿಯಂಥದ್ದನ್ನು ಬಡಿಸಿದಳು. ಮಾಂಸ ಇಲ್ಲ ಎಂದು ಪಾತ್ರೆ ತೆರೆದು ತೋರಿಸಿದಳು, ನೀನೇ ಹೇಳಿಟ್ಟಿದ್ದೆಯೇನೋ. ನಮ್ಮಲ್ಲಿ ಒಪ್ಪಿಗೆ ಇಲ್ಲದ ಮನೆಯಲ್ಲಿ ಉಣ್ಣುವುದಿಲ್ಲ. ಅಪ್ಪಾರು ಉಂಡರು. ಯಾಕೆ ಉಂಡಿರಿ ಎಂದು ನಾನು ಕೇಳಲಿಲ್ಲ.

ಊಟವಾದ ಮೇಲೆ ಅಜ್ಜಿ ಕುಂಡವನ್ನು ಅವರ ಕೈಗೇ ಕೊಟ್ಟು, ಗುಡ್ಡದ ಮೇಲಿನ ಗೋರಿಗಳಿಗೆ ನಡೆಸಿದಳು. ಅವಳ ಗಂಡನ ಗೋರಿ. ಕೆಳಗೆ ನೀರು ಕಾಣುತ್ತಿತ್ತು. ‘ಇವರೂ ನಮ್ಮಂಗ ಮಣ್ಣಾಗ ಇಡ್ತಾರಲ್ಲ’ ಎಂದು ಅಪ್ಪಾರು ತಮ್ಮಷ್ಟಕ್ಕೆ ಅಂದರು. ಕಿಸೆಯಿಂದ ವಿಭೂತಿ ತೆಗೆದು ಆ ಕಲ್ಲಿನ ಮೇಲೆ ಮೂರು ಬೆರಳು ಎಳೆದರು. ಅಯ್ಯನೋರ ಮನೆತನದವರು ಸುಮ್ಮನೆ ಎಳೆಯುವುದಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಬೋಟಿನಲ್ಲಿ ಕೇಳಿದೆ, ಹಾಗಾದರೆ ಒಪ್ಪಿದಿರೇನ್ರಿ ಎಂದು. ನೀರು ನೋಡುತ್ತಾ, ‘ಮುದುಕಿ ಜೀವ ಹೊಂಟಿತ್ತು, ಅದಕ್ಕ ಅಂದೆ. ಸತ್ತವರಿಗೆ ವಿಭೂತಿ ಹಚ್ಚೂದು ಬ್ಯಾರೆ, ಮಗಳನ್ನ ಕೊಡೂದು ಬ್ಯಾರೆ’ ಅಂದರು. ಆಮೇಲೆ, ‘ಆದರ ಐದು ಮಂದಿ ಮುಂದ ಅಂದೇನಲ್ಲ’ ಅಂದರು. ಐದು ಮಂದಿಯ ಮುಂದೆ ಆಡಿದ ಮಾತೇ ನಮ್ಮಲ್ಲಿ ನಿಶ್ಚಯ. ಅಂದಿನಿಂದ ಅವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಪೂಜೆಗೆ ಕುಂತರೆ ಏಳುವುದಿಲ್ಲ, ಎದ್ದರೆ ಇಲ್ಲಿಯ ಸ್ಟೇಷನ್ನಿನ ತನಕ ನಡೆದು ಸುಮ್ಮನೆ ವಾಪಸು ಬರುತ್ತಾರೆ. ಏನಾಯಿತ್ರಿ ಎಂದು ಕೇಳಿದರೆ ಹವಾ ಚಲೋ ಐತಿ ಅನ್ನುತ್ತಾರೆ.

ಅಲ್ಲಿ ನಿಮ್ಮ ಮೆಲ್ಬರ್ನಿನಲ್ಲಿ ಲೂಕಾನ ಸೋದರತ್ತೆಗೆ ಆ ಓಣಿಯ ಯಾರು ಏನು ಹೇಳಿದರೋ. ಅಜ್ಜಿಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲವಂತೆ. ಹೂ ಬಂತು, ಮುದುಕಿ ಬಿದ್ದಳು ಎಂಬಲ್ಲಿಗೇ ಸುದ್ದಿ ನಿಂತುಬಿಟ್ಟಿದೆ. ಅವಳನ್ನು ಏಳಿಸಿದ ಮಾತು ಸಮುದ್ರ ದಾಟಲೇ ಇಲ್ಲ. ಲೂಕಾ ಎದುರು ಮನೆಯವಳನ್ನು ಕೇಳಲಿ, ಅವಳು ಎಲ್ಲ ನೋಡಿದ್ದಾಳೆ.

ನನ್ನ ಸಂಕಟ ಇನ್ನೂ ಬೇರೆ ಇದೆ. ಮದುವೆಗೆ ಮುಂಚೆ ಮನೆ ಬಾಗಿಲಿಗೆ ಸಾವಿನ ಹೂ ಒಯ್ದೆನಲ್ಲ, ನಿಮ್ಮಿಬ್ಬರಿಗೆ ಏನಾದರೂ ತಟ್ಟಿದರೆ? ದೃಷ್ಟಿ ತೆಗೆಯೋಣವೆಂದರೆ ನೀನು ಎದುರಿಗಿಲ್ಲ. ಲೂಕಾನಿಗೆ ಕಾರು ಸಾವಕಾಶ ಓಡಿಸಲು ಹೇಳು. ಅಜ್ಜಿಯ ಬಿಪಿ ನೋಡಿಸಲು ಹೇಳು. ನೀನು ಟ್ರಾಮ್ ಇಳಿಯುವಾಗ ಎರಡೂ ಕಡೆ ನೋಡಿ ಇಳಿ.

ನೀನು ಬರಬೇಡ ಅಂದದ್ದನ್ನು ಅಪ್ಪಾರಿಗೆ ಹೇಳಿದರೆ, ‘ಆತು, ಮಗಳೇ ಬ್ಯಾಡಂದಳು’ ಎಂದು ಅವರಿಗೆ ನೆವ ಸಿಕ್ಕುತ್ತದೆ, ಆಮೇಲೆ ಎತ್ತಿನ ಗಾಡಿ ಕಟ್ಟಿ ಎಳೆದರೂ ಬರುವುದಿಲ್ಲ. ಹೇಳದೆ ಎಷ್ಟು ದಿನ ಮುಚ್ಚಿಡಲಿ? ಅಭಿನವ ನನ್ನನ್ನು ಕರೆತಂದಾನು. ಅವರನ್ನು ಮನೆಯಲ್ಲಿ ಬಿಟ್ಟು ಬಂದು ನಿನ್ನ ತಲೆಯ ಮೇಲೆ ನಾನು ಹೇಗೆ ಅಕ್ಕಿಕಾಳು ಹಾಕಲಿ? ಅವರನ್ನು ಒಪ್ಪಿಸುವುದು ನನ್ನ ಕೈಲಿಲ್ಲ, ನಿನ್ನನ್ನು ಒಪ್ಪಿಸುವುದೂ ನನ್ನ ಕೈಲಿಲ್ಲ. ನನ್ನ ಕೈಲಿದ್ದದ್ದು ಒಂದು ಹೂವಿನ ಕುಂಡ, ಅದನ್ನೂ ತಪ್ಪಿ ಒಯ್ದೆ.

ಬೈಯುವುದಿದ್ದರೆ ನನ್ನನ್ನು ಬೈ. ಅವರನ್ನು ಬೇಡ ಅನ್ನಬೇಡ.

ನಿನ್ನ ತಿಳಿಗೇಡಿ ಅವ್ವ,
ಶಿವಲಿಂಗವ್ವ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ. ಬೋಟು ನಡುನೀರಿನಲ್ಲಿದ್ದಾಗ ಅಪ್ಪಾರು ಎದ್ದು ಹೊರಗಿನ ಕಟಾಂಜನದ ಹತ್ತಿರ ಹೋಗಿ ನಿನಗೆ ಇನ್ನೊಮ್ಮೆ ಫೋನ್ ಹಚ್ಚಿದರು. ಆಗ ಅಜ್ಜಿ ಸುಧಾರಿಸಿದ್ದಳು, ಹಚ್ಚುವ ಜರೂರಿ ಏನೂ ಇರಲಿಲ್ಲ. ನಿಮ್ಮಲ್ಲಿ ಸರಿರಾತ್ರಿ. ನೀನು ಎತ್ತಿದೆ. ಅವರಿಗೆ ಕಿವಿ ಮಂದ, ಫೋನಿನ ದನಿ ದೊಡ್ಡದು ಮಾಡಿಟ್ಟಿರುತ್ತಾರೆ, ನೀನು ‘ಅಪ್ಪಾ?’ ಅಂದದ್ದು ಅವರಿಗೆ ತಿಳಿಯದ ಹಾಗೆ ಹಿಂದೆ ನಿಂತ ನನಗೂ ಕೇಳಿಸಿತು. ನೀನು ಕಾಯ್ದೆ. ಅವರು ಬಾಯಿ ತೆರೆದರು, ಓಣಿಯೆಲ್ಲ ಕೂಗಿದವರಿಗೆ ಆಗ ದನಿ ಹೊರಡಲಿಲ್ಲ. ನೀನೂ ಇಡಲಿಲ್ಲ, ಅವರೂ ಇಡಲಿಲ್ಲ, ಬೋಟು ದಂಡೆಯ ಹತ್ತಿರ ಬರುವ ತನಕ. ಬಂದು ಕುಂತು, ‘ಹತ್ತಲಿಲ್ಲ, ಟಾವರ್ ಇಲ್ಲ’ ಎಂದು ನನಗೆ ಹೇಳಿದರು. ನಾನು ಹೂಂ ಅಂದೆ.